ಹಳೇ ಕಾರಿನ ಫ್ರೇಮ್ ನಂಬರ್ ಹುಡುಕೋದು ಹೇಗೆ, ಸಿಕ್ಕಿದ್ಮೇಲೆ ಅದು ಅಸಲಿನಾ ಅಂತ ನೋಡೋದು ಹೇಗೆ

ಹಳೇ ಕಾರು ನೋಡೋಕೆ ಹೋದಾಗ ಎಲ್ರೂ ಮೊದ್ಲು ಬಾನೆಟ್ ಎತ್ತಿ ಇಂಜಿನ್ ನೋಡ್ತಾರೆ, ಪೇಂಟ್ ಮೇಲೆ ಕೈ ಆಡಿಸ್ತಾರೆ, ಸ್ಟೀರಿಂಗ್ ಹಿಡ್ಕೊಂಡು ಒಂದು ಫೋಟೋ ತೆಗೆಸ್ಕೊಳ್ತಾರೆ. ಫ್ರೇಮ್ ನಂಬರ್ (ಕಾರಿನ ಕೆಳಗಿನ ಉಕ್ಕಿನ ಚೌಕಟ್ಟಿನ ಗುರುತಿನ ನಂಬರ್) ವಿಷ್ಯ ಬಂದಾಗ ಮಾತ್ರ ಮಾರೋರು ತೋರಿಸಿದ ಪ್ಲೇಟ್ ನೋಡಿ, ಪೇಪರ್ ಜೊತೆ ಮ್ಯಾಚ್ ಆಯ್ತು ಅಂತ ಸುಮ್ಮನಾಗ್ತಾರೆ. ಪ್ಲೇಟ್ ಅಂದ್ರೆ ನಾಲ್ಕು ರಿವಿಟ್ ಮೇಲೆ ನಿಂತಿರೋ ತಗಡು ಕಣ್ರೀ, ಅರ್ಧ ಗಂಟೇಲಿ ಬಿಚ್ಚಿ ಇನ್ನೊಂದು ಕಾರಿಗೆ ಹೊಡೀಬಹುದು. ಫ್ರೇಮಿನ ಉಕ್ಕಿಗೆ ಪಂಚ್ ಹೊಡೆದ ನಂಬರ್ ಬದಲಾಯಿಸ್ಬೇಕು ಅಂದ್ರೆ ಉಕ್ಕನ್ನೇ ಕೆಣಕ್ಬೇಕು, ಕೆಣಕಿದ್ರೆ ಎಲ್ಲೋ ಒಂದು ಕಡೆ ಗುರುತು ಉಳಿದೇ ಉಳಿಯತ್ತೆ. ಅದಕ್ಕೆ ಅಂಕಿ ಓದೋದು ಅರ್ಧ ಕೆಲ್ಸ, ಅಂಕಿ ಸುತ್ತ ಇರೋ ಲೋಹನ ಓದೋದು ಇನ್ನರ್ಧ ಅಂತ ನಾನು ಯಾವಾಗ್ಲೂ ಹೇಳ್ತೀನಿ.

ಕಾರಿನ ಕೆಳಗೆ ನುಗ್ಗೋ ಮುಂಚೆ ಪೇಪರ್ ನೋಡಿ

ದಾಖಲೆಲಿ ಒಂದು ನಂಬರ್ ಇರತ್ತೆ ಸರಿ, ಆದ್ರೆ ಅದು ಯಾವ ನಂಬರ್ ಅನ್ನೋದು ಮೊದಲನೇ ಪ್ರಶ್ನೆ. ಹಳೇ ಕಾರಿನ ಮೇಲೆ ಕಮ್ಮಿ ಅಂದ್ರೂ ಮೂರ್ನಾಲ್ಕು ಥರದ ನಂಬರ್ ಇರತ್ತೆ: ಫ್ರೇಮ್ ಅಥವಾ ಚಾಸಿಸ್ ನಂಬರ್, ಇಂಜಿನ್ ನಂಬರ್, ಬಾಡಿ ನಂಬರ್, ಇದರ ಜೊತೆಗೆ ಎರಕದ ನಂಬರ್ ಅಂದ್ರೆ ಕಾಸ್ಟಿಂಗ್ ನಂಬರ್. ಕೊನೇದು ಅಚ್ಚಲ್ಲೇ ಬಂದಿರತ್ತೆ, ಉಬ್ಬಿರತ್ತೆ, ಒಂದೇ ಅಚ್ಚಿನ ಸಾವಿರಾರು ಭಾಗಕ್ಕೂ ಅದೇ ನಂಬರ್ ಇರತ್ತೆ. ಪಂಚ್ ಹೊಡೆದಿದ್ದು ಒಳಗೆ ಇಳಿದಿರತ್ತೆ. ಉಬ್ಬಿದ್ರೆ ಬಿಡಿ, ಇಳಿದಿದ್ರೆ ನೋಡಿ, ಇಷ್ಟು ನೆನಪಿದ್ರೆ ಸಾಕು. ನಾನು ಶುರುವಲ್ಲಿ ಒಂದಿಡೀ ಮಧ್ಯಾಹ್ನ ಒಂದು ಬ್ರಾಕೆಟ್ಟಿನ ಮೇಲಿದ್ದ ಪಾರ್ಟ್ ನಂಬರನ್ನ ಚಾಸಿಸ್ ನಂಬರ್ ಅಂದ್ಕೊಂಡು ದಾಖಲೆ ಜೊತೆ ಹೊಂದಿಸೋಕೆ ಒದ್ದಾಡಿದ್ದೀನಿ, ಹೊಂದತ್ತಾ ಅದು, ಎಲ್ಲಿಂದ ಹೊಂದತ್ತೆ.

ಎರಡನೇ ಸಂಗತಿ, ಈಗಿನ ಕಾರುಗಳ ಥರ 17 ಅಕ್ಷರದ ನಂಬರ್ ನಿರೀಕ್ಷೆ ಮಾಡ್ಬೇಡಿ. ಅಮೆರಿಕದಲ್ಲಿ 1981ರ ಮಾಡೆಲ್ ವರ್ಷದಿಂದ 17 ಅಕ್ಷರದ ಪದ್ಧತಿ ಕಡ್ಡಾಯ ಆಯ್ತು, ಅದರಲ್ಲಿ ಐ, ಓ, ಕ್ಯೂ ಅನ್ನೋ ಮೂರು ಇಂಗ್ಲಿಷ್ ಅಕ್ಷರ ಬಳಸಲ್ಲ, ಯಾಕಂದ್ರೆ 1 ಮತ್ತು 0 ಜೊತೆ ಕಲಸಿ ಹೋಗತ್ತೆ. ಅದಕ್ಕಿಂತ ಹಳೇ ಕಾರುಗಳಲ್ಲಿ ಒಂದೊಂದು ಕಂಪನಿಗೆ ಒಂದೊಂದು ಲೆಕ್ಕ. ಬರೀ ಅಂಕಿ ಇರಬಹುದು, ಮುಂದೆ ಅಕ್ಷರ ಇರಬಹುದು, ಆಚೆ ಈಚೆ ನಕ್ಷತ್ರ ಇರಬಹುದು. 60ರ ದಶಕದ ಕಾರಿನಲ್ಲಿ 17 ಅಕ್ಷರ ಕಂಡ್ರೆ ಅದು ಫ್ಯಾಕ್ಟರಿ ಹೊಡೆದಿದ್ದಲ್ಲ, ಆಮೇಲೆ ಯಾವುದೋ ಸರ್ಕಾರಿ ಇಲಾಖೆ ಹೊಸದಾಗಿ ಕೊಟ್ಟಿದ್ದಿರಬಹುದು, ಹಂಗಿದ್ರೆ ಅದಕ್ಕೆ ಕಾಗದ ಇರ್ಲೇಬೇಕು, ಕೇಳಿ.

ಇನ್ನೊಂದು, ಅಮೆರಿಕದಲ್ಲಿ 50ರ ದಶಕದ ಮಧ್ಯದವರೆಗೂ ಎಷ್ಟೋ ರಾಜ್ಯಗಳಲ್ಲಿ ಇಂಜಿನ್ ನಂಬರ್ ಮೇಲೇ ಕಾರು ರಿಜಿಸ್ಟರ್ ಮಾಡ್ತಿದ್ರು. ಇಂಜಿನ್ ಹೋಯ್ತು, ಬೇರೆ ಹಾಕಿದ್ರು, ಪೇಪರ್ ಹಳೇದೇ ಉಳೀತು. ಹಾಗಾಗಿ ದಾಖಲೆ ನಂಬರ್ ಫ್ರೇಮಲ್ಲಿ ಸಿಗ್ಲಿಲ್ಲ ಅಂದ ತಕ್ಷಣ ಕಳ್ಳಮಾಲು ಅಂತ ಕೂಗೋ ಮುಂಚೆ ಅದು ಇಂಜಿನ್ ನಂಬರ್ ಇರಬಹುದಾ ಅಂತ ಯೋಚ್ನೆ ಮಾಡಿ.

ಎಲ್ಲಿ ಹುಡುಕ್ಬೇಕು

ಎಡ ಬಲದ ಗೊಂದಲ ಮೊದ್ಲು ಮುಗಿಸೋಣ. ಕಾರಿನ ಎಡ ಅಂದ್ರೆ ಡ್ರೈವರ್ ಸೀಟಲ್ಲಿ ಕೂತು ಮುಂದೆ ನೋಡ್ತಿರೋರ ಎಡ. ಬಂಪರ್ ಮುಂದೆ ನಿಂತು ನೋಡೋವಾಗ ಇದು ಉಲ್ಟಾ ಆಗತ್ತೆ. ಡ್ರೈವರ್ ಸೈಡ್ ಅಂತ ಬರೆದಿರೋ ಹಳೇ ಮ್ಯಾನುಯಲ್ ಓದೋವಾಗ ಆ ಮ್ಯಾನುಯಲ್ ಯಾವ ದೇಶದ್ದು, ಅಲ್ಲಿ ಸ್ಟೀರಿಂಗ್ ಯಾವ ಕಡೆ ಅಂತಾನೂ ನೋಡ್ಕೊಳ್ಳಿ.

ಸಾಮಾನ್ಯವಾಗಿ ನಂಬರ್ ಇರೋ ಜಾಗಗಳು ಅಂದ್ರೆ ಫ್ರೇಮಿನ ಮುಂದಿನ ಕೊಂಬು ಅಂದ್ರೆ ಮುಂದಕ್ಕೆ ಚಾಚಿರೋ ತುದಿ, ಸ್ಟೀರಿಂಗ್ ಬಾಕ್ಸ್ ಹತ್ರದ ರೈಲಿನ (ಫ್ರೇಮಿನ ಉದ್ದನೆ ತೊಲೆ) ಮೇಲ್ಮುಖ, ಲೀಫ್ ಸ್ಪ್ರಿಂಗ್ ಹ್ಯಾಂಗರ್ ಅಂದ್ರೆ ಪಟ್ಟಿ ಸ್ಪ್ರಿಂಗನ್ನ ಫ್ರೇಮಿಗೆ ಹಿಡಿಯೋ ಬ್ರಾಕೆಟ್, ಹಿಂದಿನ ಚಕ್ರದ ಹತ್ರ ಫ್ರೇಮ್ ಮೇಲಕ್ಕೆ ಬಗ್ಗೋ ಜಾಗ, ಬಾಡಿ ಫ್ರೇಮ್ ಒಂದೇ ಆಗಿರೋ ಕಾರಾದ್ರೆ ಇಂಜಿನ್ ಹಿಂದಿನ ಗೋಡೆ ಅಥವಾ ಫ್ಲೋರ್. ಆದ್ರೆ ಇದೆಲ್ಲ ಅಂದಾಜು ಅಷ್ಟೇ, ನಿಮ್ಮ ಮಾಡೆಲ್ಲಿಗೆ ಖಚಿತ ಜಾಗ ಯಾವುದು ಅಂತ ಫ್ಯಾಕ್ಟರಿ ಮ್ಯಾನುಯಲ್ಲಲ್ಲೋ ಆ ಮಾಡೆಲ್ಲಿನ ಓನರ್ಸ್ ಕ್ಲಬ್ಬಲ್ಲೋ ಕೇಳಿ ತಿಳ್ಕೊಂಡು ಹೋಗಿ. ಕೆಲವು ಉದಾಹರಣೆ ಕೊಡ್ತೀನಿ, ಎಷ್ಟು ಬೇರೆ ಬೇರೆ ಥರ ಇರತ್ತೆ ಅಂತ ಗೊತ್ತಾಗ್ಲಿ.

ಫೋರ್ಡ್ ಮಾಡೆಲ್ ಟಿ ತಗೊಳ್ಳಿ, 1908ರಿಂದ 1927ರವರೆಗೆ ಬಂದಿದ್ದು. ಇದರಲ್ಲಿ ಕಾರಿನ ಗುರುತು ಅಂದ್ರೆ ಇಂಜಿನ್ ನಂಬರೇ, ಬ್ಲಾಕಿನ ಎಡಗಡೆ ನೀರು ಒಳಗೆ ಹೋಗೋ ಜಾಗದ ಮೇಲೆ ಇರತ್ತೆ. ಹೆಚ್ಚಿನ ವರ್ಷಗಳ ಫ್ರೇಮಲ್ಲಿ ನಂಬರೇ ಇಲ್ಲ, ಕೊನೇ ಕಾಲದ ಕಾರುಗಳಲ್ಲಿ ಮಾತ್ರ ಫ್ರೇಮಿಗೂ ಹೊಡೆದ್ರು. ಇದು ಗೊತ್ತಿಲ್ದೆ 1915ರ ಕಾರಿನ ಫ್ರೇಮ್ ಪೂರ್ತಿ ಉಜ್ಜಿ ನಂಬರ್ ಅಳಿಸಿದ್ದಾರೆ ಅಂತ ಜಗಳಕ್ಕೆ ನಿಂತೋರೂ ಇದ್ದಾರೆ. ಆಮೇಲೆ ಬಂದ 1928-31ರ ಮಾಡೆಲ್ ಎ ಕಥೆ ಬೇರೆ, ಇಂಜಿನ್ನಿಗೆ ಹೊಡೆದ ನಂಬರನ್ನೇ ಫ್ರೇಮಿನ ಎಡ ರೈಲಿನ ಮೇಲ್ಮುಖದಲ್ಲೂ ಹೊಡೀತಿದ್ರು, ಮುಂದೆ ಎ ಅಕ್ಷರ, ಎರಡೂ ತುದೀಲಿ ನಕ್ಷತ್ರ. ಅದರ ಮೇಲೆ ಬಾಡಿ ಕೂತಿರತ್ತೆ, ಸ್ವಲ್ಪನಾದ್ರೂ ಬಾಡಿ ಎತ್ತದೆ ಓದೋಕಾಗಲ್ಲ. ಕಷ್ಟ ಅನ್ಸತ್ತೆ, ಆದ್ರೆ ನನ್ನ ಪ್ರಕಾರ ಇಂಥ ಜಾಗದ ನಂಬರೇ ಅತಿ ನಂಬಿಕಸ್ಥ, ಕೈ ಹಾಕೋಕೆ ಕಷ್ಟ ಆಗಿರೋ ಕಡೆ ಕೈಚಳಕನೂ ಕಮ್ಮಿ. ಮಾಡೆಲ್ ಎ ಇಂಜಿನ್ ಬದಲಾಗಿರೋದು ತೀರಾ ಸಾಮಾನ್ಯ, ಹಂಗಾಗಿ ಇಂಜಿನ್ ನಂಬರ್ ಒಂದು, ಫ್ರೇಮ್ ನಂಬರ್ ಇನ್ನೊಂದು ಆಗಿರೋದು ನೋಡಿ ಗಾಬರಿ ಬೇಡ.

ಯುದ್ಧಕಾಲದ ಜೀಪ್ ನನಗೆ ತುಂಬಾ ಇಷ್ಟದ ಉದಾಹರಣೆ. ಒಂದೇ ವಿನ್ಯಾಸ, ಎರಡು ಕಂಪನಿ. ವಿಲ್ಲಿಸ್ ಎಂಬಿಗೆ ನಂಬರ್ ಇರೋದು ಮುಂದಿನ ಬಂಪರ್ ಹಿಂದೆ ಎಡ ಫ್ರೇಮಿನ ಒಳಮೈಗೆ ರಿವಿಟ್ ಹೊಡೆದ ಪುಟ್ಟ ಪ್ಲೇಟಲ್ಲಿ. ಫೋರ್ಡ್ ಜಿಪಿಡಬ್ಲ್ಯೂಗೆ ಎಡ ಫ್ರೇಮ್ ರೈಲಿನ ಮೇಲ್ಮುಖಕ್ಕೇ ಪಂಚ್ ಹೊಡೆದಿದ್ದಾರೆ. ಫೋರ್ಡಲ್ಲಿ ಫ್ಯಾಕ್ಟರಿಯಿಂದ ಬಂದಾಗ ಇಂಜಿನ್ ನಂಬರ್ ಫ್ರೇಮ್ ನಂಬರ್ ಎರಡೂ ಒಂದೇ, ವಿಲ್ಲಿಸಲ್ಲಿ ಮೊದಲಿಂದಾನೂ ಬೇರೆ ಬೇರೆ. ಅಂದ್ರೆ ವಿಲ್ಲಿಸ್ ಜೀಪಲ್ಲಿ ಎರಡೂ ಒಂದೇ ಇದ್ರೆ ಅದೇ ಅನುಮಾನದ ವಿಷ್ಯ, ನೋಡಿ ಹೆಂಗಿದೆ. ಇನ್ನೂ ಒಂದು ಚೆಕ್ ಇದೆ, ರೇಡಿಯೇಟರ್ ಕೆಳಗಿನ ಮುಂದಿನ ಅಡ್ಡಪಟ್ಟಿ ವಿಲ್ಲಿಸಲ್ಲಿ ದುಂಡಗಿನ ಪೈಪು, ಫೋರ್ಡಲ್ಲಿ ಸಾಮಾನ್ಯವಾಗಿ ಚೌಕಾಕಾರದ ಉಲ್ಟಾ ದೋಣಿ ಥರ. ಪ್ಲೇಟ್ ವಿಲ್ಲಿಸ್ ಅನ್ನತ್ತೆ, ಅಡ್ಡಪಟ್ಟಿ ಫೋರ್ಡ್ ಅನ್ನತ್ತೆ ಅಂದ್ರೆ ಪ್ಲೇಟ್ ಎಲ್ಲಿಂದ ಬಂತು ಅಂತ ಕೇಳ್ಬೇಕಾಗತ್ತೆ.

ಫೋಕ್ಸ್‌ವ್ಯಾಗನ್ ಬೀಟಲ್ ಸುಲಭ. ಹಿಂದಿನ ಸೀಟಿನ ಕುಶನ್ ಎತ್ತಿದ್ರೆ ನಡುವಿನ ಟನಲ್ (ಫ್ಲೋರ್ ಮಧ್ಯೆ ಉದ್ದಕ್ಕೂ ಉಬ್ಬಿರೋ ಭಾಗ) ಮೇಲೆ ಪಂಚ್ ಇದೆ. 1965ರ ಮಾಡೆಲ್ ವರ್ಷದಿಂದ ಒಂಬತ್ತು ಅಂಕಿ, ಮೊದಲೆರಡು ಕಾರಿನ ಥರ, ಬೀಟಲ್ ಸೆಡಾನಿಗೆ 11, ಮೂರನೇದು ಮಾಡೆಲ್ ವರ್ಷದ ಕೊನೇ ಅಂಕಿ. 115ರಿಂದ ಶುರುವಾದ್ರೆ 1965ರ ಮಾಡೆಲ್, 118 ಅಂದ್ರೆ 1968. ಇವರ ಮಾಡೆಲ್ ವರ್ಷ ಹಿಂದಿನ ಆಗಸ್ಟಲ್ಲೇ ಶುರು ಆಗತ್ತೆ, ಅದಕ್ಕೆ ಪೇಪರಲ್ಲಿ 1967 ಅಂತಿದ್ದು ನಂಬರ್ 118ರಲ್ಲಿ ಶುರು ಆದ್ರೆ ತಪ್ಪೇನಿಲ್ಲ. 1970ರ ಮಾಡೆಲ್ ವರ್ಷದಿಂದ ಹತ್ತು ಅಂಕಿ. 1969ರ ಮಾಡೆಲ್ ಅಂತ ಹೇಳಿ ಹತ್ತು ಅಂಕಿ ತೋರಿಸಿದ್ರೆ ವರ್ಷನಾದ್ರೂ ತಪ್ಪು, ಇಲ್ಲ ಟನಲ್ ಬೇರೆ ಕಾರಿಂದು.

ಉಳಿದಿದ್ದು ಬೇಗ ಹೇಳ್ಬಿಡ್ತೀನಿ. ಹಳೇ ಸೀರೀಸ್ ಲ್ಯಾಂಡ್‌ರೋವರಿಗೆ ಹೆಚ್ಚಾಗಿ ಬಲಗಡೆ ಮುಂದಿನ ಸ್ಪ್ರಿಂಗ್ ಹ್ಯಾಂಗರ್ ಮೇಲೆ, ಕೆಸರು ಸಿಡಿಯೋ ಜಾಗ ಆದ್ರಿಂದ ಅಲ್ಲಿ ತುಕ್ಕು ಜಾಸ್ತಿ. ಜಾಗ್ವಾರ್ ಇ ಟೈಪಿಗೆ ಮುಂದಿನ ಸಬ್‌ಫ್ರೇಮಿನ ಅಡ್ಡಪಟ್ಟಿ ಮೇಲೆ, ಆ ಸಬ್‌ಫ್ರೇಮ್ ಬೋಲ್ಟ್ ಬಿಚ್ಚಿ ಬದಲಾಯಿಸೋ ಭಾಗ ಅನ್ನೋದು ನೆನಪಿರ್ಲಿ. ಮರ್ಸಿಡಿಸ್ 60ರ ದಶಕದ ಎಸ್‌ಎಲ್ ಕಾರುಗಳಲ್ಲಿ ನಂಬರಿನ ಮೊದಲ ಆರು ಅಂಕಿ ನೋಡಿದ್ರೆ ಮಾಡೆಲ್ ಗೊತ್ತಾಗತ್ತೆ, 113.042 ಅಂದ್ರೆ 230 ಎಸ್‌ಎಲ್, 113.044 ಅಂದ್ರೆ 280 ಎಸ್‌ಎಲ್. ಅಮೆರಿಕನ್ ಕಾರುಗಳಲ್ಲಿ 60ರ ದಶಕದ ಕೊನೇಲಿ ಚಾಸಿಸ್ ನಂಬರಿನ ಪ್ಲೇಟ್ ವಿಂಡ್‌ಶೀಲ್ಡ್ ಮೂಲಕ ಹೊರಗಿಂದ ಕಾಣೋ ಹಾಗೆ ಡ್ಯಾಶ್ ಮೇಲೆ ಬಂತು. ಅದನ್ನ ನೋಡೋದು ಶುರು ಅಷ್ಟೇ, ಫ್ರೇಮ್ ಇರೋ ಕಾರಾದ್ರೆ ಹಿಂದಿನ ಚಕ್ರದ ಹತ್ರ ರೈಲಿನ ಮೇಲೆ ಅದೇ ನಂಬರ್ ಪೂರ್ತಿನೋ ಅರ್ಧನೋ ಹೊಡೆದಿರೋ ಸಾಧ್ಯತೆ ಇದೆ, ಅಲ್ಲಿವರೆಗೂ ಹೋಗಿ. ಅಂದಹಾಗೆ ರೋಲ್ಸ್ ರಾಯ್ಸ್‌ನೋರು ಎಷ್ಟೋ ಸೀರೀಸಿನ ಚಾಸಿಸ್ ನಂಬರಲ್ಲಿ 13 ಬಿಟ್ಟುಬಿಡ್ತಿದ್ರು, ಅಪಶಕುನ ಅಂತ. ಹಳೇ ರೋಲ್ಸ್ ನಂಬರ್ 13ರಲ್ಲಿ ಕೊನೆಯಾಗ್ತಿದೆ ಅಂದ್ರೆ ಕೂತು ಇನ್ನೊಂದ್ಸಲ ಓದಿ.

ಕೊಳೆ ತೆಗೆಯೋದು, ಇಲ್ಲೇ ಜಾಸ್ತಿ ಜನ ಕೆಡಿಸೋದು

ಕಾರು ಎತ್ತೋವಾಗ ಬರೀ ಜಾಕ್ ನಂಬ್ಕೊಂಡು ಕೆಳಗೆ ಮಲಗ್ಬೇಡಿ, ಸ್ಟ್ಯಾಂಡ್ ಹಾಕಿ, ಚಕ್ರಕ್ಕೆ ಅಡ್ಡ ಕೊಡಿ. ಹಳೇ ಪೇಂಟಲ್ಲಿ ಸೀಸ ಇರಬಹುದು, ಬ್ರೇಕ್ ಹತ್ರದ ಧೂಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಒಣ ಬ್ರಷ್ಷಲ್ಲಿ ಉಜ್ಜಿ ಧೂಳೆಬ್ಬಿಸ್ಬೇಡಿ, ಒದ್ದೆ ಮಾಡ್ಕೊಂಡೇ ಕೆಲ್ಸ ಮಾಡಿ, ಮಾಸ್ಕ್ ಗ್ಲೌಸ್ ಹಾಕಿ.

ಮೊದ್ಲು ಏನೂ ಮುಟ್ಟದೆ ಇರೋ ಸ್ಥಿತೀಲೇ ಫೋಟೋ ತೆಗೀರಿ. ಇದು ಯಾರೂ ಮಾಡಲ್ಲ, ಆಮೇಲೆ ಪಶ್ಚಾತ್ತಾಪ. ಯಾಕಂದ್ರೆ ನೀವು ಒಂದ್ಸಲ ಉಜ್ಜಿದ್ಮೇಲೆ ಅಲ್ಲಿ ಮೊದ್ಲು ಹೊಸ ಪೇಂಟ್ ಇತ್ತಾ, ಸುತ್ತಲಿಗಿಂತ ಬೇರೆ ಬಣ್ಣ ಇತ್ತಾ ಅನ್ನೋ ಸಾಕ್ಷಿ ಹೋಯ್ತು. ಫೋಟೋ ಆದ್ಮೇಲೆ ಗ್ರೀಸು ಮಣ್ಣಿನ ಗಟ್ಟಿ ಪದರನ ಪ್ಲಾಸ್ಟಿಕ್ ಅಥವಾ ಮರದ ಚಕ್ಕೆಲಿ ಕೆರೀರಿ, ಸೀಮೆಎಣ್ಣೆ ಅಥವಾ ಡಿಗ್ರೀಸರ್ ಸವರಿ ಸ್ವಲ್ಪ ಹೊತ್ತು ಬಿಡಿ, ನೈಲಾನ್ ಬ್ರಷ್ಷಲ್ಲಿ ತೊಳೀರಿ. ಕೆಳಗೆ ಪೇಂಟ್ ಇದ್ದು ನಂಬರ್ ತುಂಬ್ಕೊಂಡಿದ್ರೆ ಪೇಂಟ್ ರಿಮೂವರ್ ಹಚ್ಚಿ, ಒಂದೇ ಸಲಕ್ಕೆ ಆಗಲ್ಲ, ಎರಡು ಮೂರು ಸಲ ಬೇಕಾಗತ್ತೆ, ಕಿಟಕಿ ಬಾಗಿಲು ತೆಗೆದಿಟ್ಟು ಮಾಡಿ. ತುಕ್ಕಿದ್ರೆ ಫಾಸ್ಫಾರಿಕ್ ಆಸಿಡ್ ಇರೋ ರಸ್ಟ್ ರಿಮೂವರಲ್ಲಿ ಬಟ್ಟೆ ನೆನೆಸಿ ಆ ಜಾಗದ ಮೇಲೆ ಇಡಿ, ಆಗಾಗ ತೆಗೆದು ನೋಡ್ತಾ ಇರಿ, ಆಮೇಲೆ ತೊಳೆದು ಒಣಗಿಸಿ.

ಗ್ರೈಂಡರ್ ಬೇಡ. ಡ್ರಿಲ್ಲಿಗೆ ಹಾಕೋ ವೈರ್ ವೀಲ್ ಬೇಡ. ಎಮರಿ ಪೇಪರ್ ಬೇಡ. ಸ್ಯಾಂಡ್ ಬ್ಲಾಸ್ಟ್ ಅಂತೂ ಬೇಡ್ವೇ ಬೇಡ. ಪಂಚ್ ಆಳ ಅನ್ನೋದು ಎಷ್ಟೋ ಕಡೆ ಒಂದು ಮಿಲಿಮೀಟರಿಗಿಂತ ಕಮ್ಮಿ, ಅದರ ಮೇಲೆ ಹತ್ತಾರು ವರ್ಷದ ತುಕ್ಕು ತಿಂದಿರತ್ತೆ, ನೀವು ಹತ್ತು ಸೆಕೆಂಡ್ ಗ್ರೈಂಡರ್ ಆಡಿಸಿದ್ರೆ ಉಳಿದಿದ್ದೂ ಹೋಯ್ತು, ಜೊತೆಗೆ ಇನ್ಮೇಲೆ ಆ ಜಾಗ ನೋಡಿದೋರೆಲ್ಲ ನಂಬರ್ ಉಜ್ಜಿ ಹಾಕಿದ್ದಾರೆ ಅಂತಾನೇ ಹೇಳ್ತಾರೆ, ಮಾಡಿದ್ದು ನೀವೇ ಆಗಿದ್ರೂ ಕ್ಲೀನ್ ಮಾಡೋಕೆ ಹೋಗಿದ್ದೆ ಅಂದ್ರೆ ಯಾರು ನಂಬ್ತಾರೆ.

ಓದೋದು

ಟಾರ್ಚ್ ನೇರವಾಗಿ ಬಿಟ್ರೆ ಏನೂ ಕಾಣಲ್ಲ. ಲೋಹಕ್ಕೆ ಹೆಚ್ಚೂ ಕಮ್ಮಿ ಮಟ್ಟವಾಗಿ, ಪಕ್ಕದಿಂದ ಓರೆಯಾಗಿ ಬಿಡಿ, ಇಳಿದ ಗೆರೇಲಿ ನೆರಳು ಬೀಳತ್ತೆ, ಆಗ ಅಂಕಿ ಎದ್ದು ಕಾಣತ್ತೆ. ಎಡದಿಂದ ಒಂದ್ಸಲ, ಬಲದಿಂದ ಒಂದ್ಸಲ, ಮೇಲಿಂದ ಒಂದ್ಸಲ, ಮೂರೂ ಫೋಟೋ ಇಟ್ಕೊಳ್ಳಿ, ಒಂದರಲ್ಲಿ 3 ಥರ ಕಂಡಿದ್ದು ಇನ್ನೊಂದರಲ್ಲಿ 8 ಅಂತ ಗೊತ್ತಾಗತ್ತೆ. 1 ಮತ್ತು 7, 5 ಮತ್ತು 6 ಕೂಡ ಹಿಂಗೇ ಮೋಸ ಮಾಡತ್ತೆ. ಕಣ್ಣು ಹೋಗದ ಕಡೆ ಡೆಂಟಿಸ್ಟ್ ಬಳಸೋ ಥರದ ಪುಟ್ಟ ಕನ್ನಡಿ ಅಥವಾ ಫೋನಿಗೆ ಸಿಕ್ಕಿಸೋ ಸಣ್ಣ ಕ್ಯಾಮೆರಾ ಸಾಕು, ಕನ್ನಡೀಲಿ ನಂಬರ್ ತಿರುಗು ಮುರುಗಾಗಿ ಕಾಣತ್ತೆ ಅನ್ನೋದು ಮರೀಬೇಡಿ.

ಆಮೇಲೆ ಚಾಸಿಸ್ ಪ್ರಿಂಟ್. ನಂಬರ್ ಮೇಲೆ ತೆಳು ಪೇಪರ್ ಇಟ್ಟು ಅಥವಾ ಅಗಲದ ಸೆಲ್ಲೋಟೇಪ್ ಅಂಟಿಸಿ ಅದರ ಮೇಲೆ ಮೆತ್ತನೆ ಪೆನ್ಸಿಲ್ ಅಡ್ಡ ಹಿಡಿದು ಉಜ್ಜೋದು ಎಲ್ರಿಗೂ ಗೊತ್ತು. ಗೊತ್ತಿರೋ ಕೆಲ್ಸನೇ ಆದ್ರೂ ಒಂದು ಮಾತು, ನಂಬರ್ ಮೇಲೆ ಮಾತ್ರ ಉಜ್ಜಬೇಡಿ, ಆಚೆ ಈಚೆ ನಾಲ್ಕು ಬೆರಳು ಜಾಗ ಸೇರಿಸಿ ಉಜ್ಜಿ. ಗ್ರೈಂಡಿಂಗ್ ಗೀರು, ಗುಳಿ, ಹಳೇ ಅಂಕಿಯ ಭೂತ ಇವೆಲ್ಲ ಕಣ್ಣಿಗಿಂತ ಪೆನ್ಸಿಲ್ಲಿಗೆ ಬೇಗ ಸಿಗತ್ತೆ. ಫೋಟೋ ಬೇಕಂದ್ರೆ ಸೀಮೆಸುಣ್ಣದ ಪುಡಿ ತುಂಬಿ ಮೇಲ್ಮೈ ಒರೆಸಿದ್ರೂ ಆಗತ್ತೆ.

ಅಸಲಿನಾ ನಕಲಿನಾ

ಜನ ತಪ್ಪು ತಿಳ್ಕೊಂಡಿರೋದು ಇಲ್ಲೇ. ಅಂಕಿ ಓರೆಕೋರೆ ಇದ್ರೆ ಡೂಪ್ಲಿಕೇಟು, ನೀಟಾಗಿದ್ರೆ ಒರಿಜಿನಲ್ಲು ಅಂತ. ಹಳೇ ಫ್ಯಾಕ್ಟರಿಗಳಲ್ಲಿ ಎಷ್ಟೋ ಕಡೆ ಒಬ್ಬ ಮನುಷ್ಯ ಒಂದೊಂದೇ ಅಂಕಿಯ ಪಂಚ್ ಇಟ್ಟು ಸುತ್ತಿಗೇಲಿ ಹೊಡೀತಿದ್ದ, ದಿನಕ್ಕೆ ನೂರಾರು ಕಾರು, ಒಂದಂಕಿ ಮೇಲೆ ಒಂದು ಕೆಳಗೆ ಆಗೋದು ಸಹಜ. ಇನ್ನು ಕೆಲವು ಕಡೆ ಅಂಕಿಗಳನ್ನ ಹೋಲ್ಡರಲ್ಲಿ ಜೋಡಿಸಿ ಒಂದೇ ಏಟಿಗೆ ಹೊಡೀತಿದ್ರು, ಅಲ್ಲಿ ಸಾಲು ನೆಟ್ಟಗಿರತ್ತೆ, ಆದ್ರೆ ಏಟು ಒಂದು ಬದಿಗೆ ಜಾಸ್ತಿ ಬಿದ್ದು ಆ ತುದಿ ಆಳ ಈ ತುದಿ ತೆಳು ಇರಬಹುದು. ಹಾಗಾಗಿ ನಿಮ್ಮ ಕಾರಿನ ಫ್ಯಾಕ್ಟರೀಲಿ, ಅದೇ ವರ್ಷದಲ್ಲಿ ಹೆಂಗೆ ಹೊಡೀತಿದ್ರು ಅಂತ ನೋಡೋಕೆ ಅದೇ ಮಾಡೆಲ್ಲಿನ ಅನುಮಾನ ಇಲ್ಲದ ಎರಡು ಮೂರು ಕಾರಿನ ಫೋಟೋ ಬೇಕೇ ಬೇಕು. ಅಂಕಿಯ ಎತ್ತರ ಅಳೀರಿ, 4ರ ಮೇಲ್ತುದಿ ತೆರೆದಿದೆಯಾ ಮುಚ್ಚಿದೆಯಾ, 3ರ ತಲೆ ದುಂಡಗಿದೆಯಾ ಚಪ್ಪಟೆಯಾ, 1ಕ್ಕೆ ಕೆಳಗೆ ಪಾದ ಇದೆಯಾ, 6 ಮತ್ತು 9 ಒಂದೇ ಪಂಚ್ ತಿರುಗಿಸಿ ಹೊಡೆದಿದ್ದಾ, ಇಂಥದ್ದು ಒಂದೊಂದೂ ನೋಡಿ. ಅಂಗಡೀಲಿ ಸಿಗೋ ಈಗಿನ ಪಂಚ್ ಸೆಟ್ಟಿನ ಅಕ್ಷರ ಹಳೇದರ ಥರ ಇರೋದು ಅಪರೂಪ, ನಕಲಿ ಮಾಡೋರು ಎಡವೋದು ಜಾಸ್ತಿ ಇಲ್ಲೇ.

ಅಂಕಿ ಬಿಟ್ಟು ಈಗ ಲೋಹಕ್ಕೆ ಬನ್ನಿ. ನಂಬರ್ ಇರೋ ಅಂಗೈಯಗಲ ಜಾಗ ಉಳಿದ ರೈಲಿಗಿಂತ ನುಣುಪಾಗಿದೆಯಾ, ಅಲ್ಲಿ ತುಕ್ಕಿನ ಗುಳಿ ಇಲ್ಲ ಆಚೆ ಈಚೆ ಇದೆ ಅಂದ್ರೆ ಯಾರೋ ಮೇಲ್ಮೈ ಕೆತ್ತಿದ್ದಾರೆ. ಬೆರಳು ಆಡಿಸಿ, ಸ್ವಲ್ಪ ತಗ್ಗು ಅನ್ಸಿದ್ರೆ ನೆಟ್ಟಗಿನ ಉಕ್ಕಿನ ಸ್ಕೇಲ್ ಇಟ್ಟು ಬೆಳಕು ಕೆಳಗಿಂದ ತೂರತ್ತಾ ನೋಡಿ. ತುಕ್ಕಿನ ಗುಳಿಗಳು ಅಂಕಿಯ ಗೆರೆ ಒಳಗೂ ಇದ್ರೆ ಒಳ್ಳೆ ಲಕ್ಷಣ, ಅಂಕಿ ಮೊದ್ಲು ಬಂತು ತುಕ್ಕು ಆಮೇಲೆ. ಗುಳಿ ಇರೋ ಮೇಲ್ಮೈಗೆ ಅಂಕಿ ಹೊಡೆದು, ಗೆರೆ ಗುಳಿನ ಅಡ್ಡ ಕತ್ತರಿಸಿದ್ರೆ ತುಕ್ಕು ಮೊದ್ಲು ಅಂಕಿ ಆಮೇಲೆ, ಅಂದ್ರೆ ಕಾರು ಹಳೇದಾದ್ಮೇಲೆ ಯಾರೋ ಹೊಡೆದಿದ್ದು. ಭೂತಗನ್ನಡಿ ಇಟ್ಕೊಂಡು ನೋಡ್ಬೇಕಾದ್ದು ಇದೊಂದೇ ಅಂದ್ರೂ ತಪ್ಪಿಲ್ಲ.

ರೈಲಿನ ಹಿಂಬದಿ ನೋಡೋದು ಬಹಳ ಜನ ಮರೀತಾರೆ. ಬೇರೆ ಫ್ರೇಮಿಂದ ನಂಬರ್ ಇರೋ ತುಂಡು ಕತ್ತರಿಸಿ ತಂದು ಇಲ್ಲಿ ವೆಲ್ಡ್ ಮಾಡಿ, ಮೇಲಿಂದ ಉಜ್ಜಿ ಪುಟ್ಟಿ ಹಾಕಿ ಪೇಂಟ್ ಹೊಡೆದಿದ್ರೆ ಮುಂದಿಂದ ಬಂಗಾರ, ಹಿಂದೆ ಕೈ ಹಾಕಿದ್ರೆ ವೆಲ್ಡಿಂಗ್ ಗೆರೆ ಸಿಗತ್ತೆ. ಪುಟ್ಟಿ ಇದೆಯಾ ಅಂತ ಅಯಸ್ಕಾಂತ ಹೇಳತ್ತೆ, ಗಟ್ಟಿಯಾಗಿ ಹಿಡೀಬೇಕಾದ ಕಡೆ ಸಡಿಲ ಹಿಡಿದ್ರೆ ಕೆಳಗೆ ಏನೋ ತುಂಬಿದ್ದಾರೆ.

ಪ್ಲೇಟ್ ಇದ್ರೆ ರಿವಿಟ್ ನೋಡಿ. ಪ್ಲೇಟ್ ಸವೆದು ಮಂಕಾಗಿದ್ದು ರಿವಿಟ್ ಮಾತ್ರ ಹೊಳೀತಿದೆ, ತೂತು ಅಂಡಾಕಾರ ಆಗಿದೆ, ಪ್ಲೇಟ್ ಅಂಚಲ್ಲಿ ಪೇಂಟಿನ ಗೆರೆ ಹೊಂದ್ತಿಲ್ಲ ಅಂದ್ರೆ ಒಂದ್ಸಲ ಬಿಚ್ಚಿದ್ದಾರೆ. ಬಿಚ್ಚಿದ್ದೆಲ್ಲ ಮೋಸ ಅಲ್ಲ, ಪೂರ್ತಿ ರಿಸ್ಟೋರ್ ಮಾಡೋವಾಗ ಪೇಂಟಿಗೆ ಅಂತ ಬಿಚ್ಚೋರಿದ್ದಾರೆ, ಆದ್ರೆ ಹಂಗೆ ಮಾಡಿದೋರ ಹತ್ರ ಮುಂಚಿನ ಫೋಟೋ ಇರತ್ತೆ.

ಹೊಸ ನಂಬರೇ ಇರೋ ಫ್ರೇಮ್, ನಂಬರೇ ಇಲ್ಲದ ಫ್ರೇಮ್ ಎರಡಕ್ಕೂ ಪ್ರಾಮಾಣಿಕ ಕಾರಣ ಇರಬಹುದು. ಆಕ್ಸಿಡೆಂಟ್ ಆದಾಗ ಸರ್ವಿಸ್ ಫ್ರೇಮ್ ಅಂತ ಖಾಲಿ ಫ್ರೇಮ್ ಬರ್ತಿತ್ತು, ಲ್ಯಾಂಡ್‌ರೋವರಿಗೆ ಈಗ್ಲೂ ಹೊಸ ಚಾಸಿಸ್ ಮಾಡಿಕೊಡೋರಿದ್ದಾರೆ, 1932ರ ಫೋರ್ಡಿಗಂತೂ ಹೊಸದಾಗಿ ಒತ್ತಿದ ಫ್ರೇಮುಗಳು ಬೇಕಾದಷ್ಟು. ಬಿಲ್ಲು, ಇಲಾಖೆ ಅನುಮತಿ ಇದ್ರೆ ಕಾರು ಕೆಟ್ಟದ್ದಲ್ಲ, ಒರಿಜಿನಲ್ ಫ್ರೇಮ್ ಅಂತ ರೇಟ್ ಹೇಳಿದ್ರೆ ಮಾತ್ರ ಕೆಟ್ಟದ್ದು.

ಅಳಿಸಿದ ನಂಬರ್ ವಾಪಸ್ ಬರತ್ತಾ? ಎಷ್ಟೋ ಸಲ ಬರತ್ತೆ. ಪಂಚ್ ಬಿದ್ದಾಗ ಕಣ್ಣಿಗೆ ಕಾಣೋ ಗೆರೆ ಕೆಳಗೂ ಉಕ್ಕಿನ ಕಣಗಳು ಒತ್ತಿ ಹೋಗಿರತ್ತೆ, ಮೇಲಿಂದ ಉಜ್ಜಿದ್ರೂ ಆ ಒತ್ತಡ ಉಳಿದಿರತ್ತೆ. ಮೇಲ್ಮೈ ಪಾಲಿಶ್ ಮಾಡಿ ತಾಮ್ರದ ಕ್ಲೋರೈಡ್ ಮತ್ತು ಹೈಡ್ರೋಕ್ಲೋರಿಕ್ ಆಸಿಡ್ ಸೇರಿದ ದ್ರಾವಣ ಹಚ್ಚಿದ್ರೆ ಒತ್ತಿದ ಭಾಗ ಬೇರೆ ವೇಗದಲ್ಲಿ ಕರಗಿ ಅಂಕಿ ಮಸುಕಾಗಿ ಮೂಡತ್ತೆ, ಫೊರೆನ್ಸಿಕ್ ಲ್ಯಾಬಲ್ಲಿ ಮಾಡೋದು ಇದೇ. ಮನೇಲಿ ಟ್ರೈ ಮಾಡ್ಬೇಡಿ. ಆಸಿಡ್ ಅಪಾಯ ಒಂದು ಕಡೆ, ಒಂದ್ಸಲ ಕೆಡಿಸಿದ್ರೆ ಲ್ಯಾಬಿಗೂ ಉಳಿಯಲ್ಲ ಅನ್ನೋದು ಇನ್ನೊಂದು ಕಡೆ.

ದಾಖಲೆ ಜೊತೆ ತಾಳೆ

ಈಗ ಸಿಕ್ಕಿದ ನಂಬರ್ ಆ ವರ್ಷಕ್ಕೆ, ಆ ಮಾಡೆಲ್ಲಿಗೆ ಹೊಂದತ್ತಾ ನೋಡಿ. ಬ್ರಿಟಿಷ್ ಕಾರಾದ್ರೆ ಗೇಡನ್‌ನಲ್ಲಿರೋ ಬ್ರಿಟಿಷ್ ಮೋಟರ್ ಮ್ಯೂಸಿಯಂ ಎಂಜಿ, ಆಸ್ಟಿನ್, ಮೋರಿಸ್ ಥರದ ಕಾರುಗಳಿಗೆ ಹಳೇ ಫ್ಯಾಕ್ಟರಿ ಲೆಡ್ಜರ್ ನೋಡಿ ಹೆರಿಟೇಜ್ ಸರ್ಟಿಫಿಕೇಟ್ ಕೊಡತ್ತೆ. ಜಾಗ್ವಾರಿಗೆ ಅವರದ್ದೇ ಹೆರಿಟೇಜ್ ಟ್ರಸ್ಟ್ ಇದೆ, ಮರ್ಸಿಡಿಸಿಗೆ ಡೇಟಾ ಕಾರ್ಡ್ ಅಂತಿದೆ, ಅದರಲ್ಲಿ ಇಂಜಿನ್, ಗೇರ್‌ಬಾಕ್ಸ್ ನಂಬರ್, ಪೇಂಟ್ ಕೋಡ್ ಎಲ್ಲ ಬರತ್ತೆ. ಅಮೆರಿಕದ ಹಳೇ ಶೆವ್ರೊಲೆಗಳಿಗೆ ಒಂದೊಂದು ಕಾರಿನ ಲೆಕ್ಕ ಸಿಗೋದು ತುಂಬಾ ಕಮ್ಮಿ, ಅಲ್ಲಿ ಭಾಗಗಳ ಮೇಲಿನ ತಾರೀಖಿನ ಕೋಡ್ ನೋಡಿ ಅಂದಾಜು ಮಾಡ್ಬೇಕು. ಕಾರು ತಯಾರಾದ ದಿನಕ್ಕಿಂತ ಆಮೇಲಿನ ತಾರೀಖು ಬ್ಲಾಕ್ ಮೇಲೆ ಇದ್ರೆ ಆ ಬ್ಲಾಕ್ ಆಮೇಲೆ ಬಂದಿದ್ದು, ಇದರಲ್ಲಿ ವಾದ ಮಾಡೋಕೆ ಏನಿಲ್ಲ.

ಅದೇ ನಂಬರಿನ ಇನ್ನೊಂದು ಕಾರು ಎಲ್ಲಾದ್ರೂ ಇದೆಯಾ ಅಂತ ಕ್ಲಬ್ ರಿಜಿಸ್ಟರಲ್ಲಿ ಕೇಳ್ಲೇಬೇಕು, ಬೆಲೆಬಾಳೋ ಕಾರುಗಳಲ್ಲಿ ಒಂದು ಕಾರಿನ ಫ್ರೇಮ್ ಒಬ್ಬರ ಹತ್ರ, ಬಾಡಿ ಪ್ಲೇಟ್ ಇನ್ನೊಬ್ಬರ ಹತ್ರ ಸೇರಿ ಒಂದೇ ನಂಬರಿಗೆ ಎರಡು ಕಾರು ಹುಟ್ಟಿದ ಪ್ರಸಂಗಗಳಿವೆ.

ಅನುಮಾನ ಬಂದ್ರೆ ದುಡ್ಡು ಕೊಡ್ಬೇಡಿ, ಅಡ್ವಾನ್ಸ್ ಕೂಡ. ಪೊಲೀಸ್ ಅಥವಾ ಸಾರಿಗೆ ಇಲಾಖೆ ತಪಾಸಣೆ ಆಗ್ಲಿ ಅಂತ ಹೇಳಿ, ಅಸಲಿ ಕಾರಿನ ಮಾಲೀಕ ಒಪ್ಕೊಳ್ತಾನೆ. ಮಸುಕಾಗಿದೆ ಅಂತ ನೀವೇ ಮತ್ತೆ ಪಂಚ್ ಹೊಡೆಯೋ ಬುದ್ಧಿ ಮಾತ್ರ ಬೇಡ, ಉದ್ದೇಶ ಎಷ್ಟೇ ಒಳ್ಳೇದಿದ್ರೂ ಬಹಳಷ್ಟು ದೇಶಗಳಲ್ಲಿ ಅದು ಅಪರಾಧ, ಬೇಕಿದ್ರೆ ಇಲಾಖೆ ಮೂಲಕವೇ ಮಾಡಿಸ್ಬೇಕು.

ಎಲ್ಲ ಸರಿ ಇದ್ದು ಕಾರು ನಿಮ್ಮದಾದ್ರೆ ನಂಬರ್ ಮೇಲೆ ದಪ್ಪ ಅಂಡರ್‌ಕೋಟ್ ಬಳೀಬೇಡಿ, ತೆಳ್ಳಗೆ ವ್ಯಾಕ್ಸ್ ಅಥವಾ ಎಣ್ಣೆ ಸವರಿ ಬಿಡಿ, ಪೆನ್ಸಿಲ್ ಪ್ರಿಂಟಿನ ಹಿಂದೆ ತಾರೀಖು ಬರೆದು ಫೋಟೋ ಜೊತೆ ಕಾರಿನ ಫೈಲಲ್ಲಿ ಹಾಕಿಡಿ.